ಮಿಯಾಮಿ ಓಪನ್: ಹೊರ ಅಂಕಣಗಳ ಟಿಕೆಟ್ ಕೊಳ್ಳಿ

ಪ್ರತಿ ಮಾರ್ಚ್‌ನಲ್ಲಿ ಫ್ಲಾರಿಡಾದಲ್ಲಿ ನಡೆಯುವ ಮಿಯಾಮಿ ಓಪನ್ ಟೆನಿಸ್ ಟೂರ್ನಿ ನೋಡಲು ಹೊರಟವರು ಮುಖ್ಯ ಅಂಕಣವಾದ ಸೆಂಟರ್ ಕೋರ್ಟ್‌ನ ದುಬಾರಿ ಟಿಕೆಟ್‌ಗೆ ಹಣ ಸುರಿಯುವ ಬದಲು ಮೊದಲ ವಾರದಲ್ಲಿ ಅದರ ಹೊರಗಿನ ಸಣ್ಣ ಅಂಕಣಗಳ, ಅಂದರೆ ಹೊರ ಅಂಕಣಗಳ ಟಿಕೆಟ್ ಕೊಳ್ಳುವುದು ಲೇಸು. ಸಿಂಗಲ್ಸ್‌ ಪ್ರಧಾನ ಸುತ್ತಿನಲ್ಲೇ 96 ಮಂದಿ ಆಡುವುದರಿಂದ ಆ ದಿನಗಳಲ್ಲಿ ಪಂದ್ಯಗಳಿಗೆ ಬರವಿಲ್ಲ. ಅಂಕಣದ ಅಂಚಿನಲ್ಲೇ ಕುಳಿತರೆ, ಸರ್ವ್‌ಗೆ ಮುನ್ನ ಚೆಂಡನ್ನು ನೆಲಕ್ಕೆ ಪುಟಿಸುವ ಸದ್ದೂ, ಓಡಿ ಬಂದು ಗಕ್ಕನೆ ನಿಂತಾಗ ಬೂಟು ಉಜ್ಜುವ ಕೀರಲು ದನಿಯೂ ಕಿವಿಗೆ ಬೀಳುತ್ತವೆ.

2018ರಿಂದ ಟೂರ್ನಿಯ ನಿರ್ದೇಶಕರಾಗಿರುವ ಜೇಮ್ಸ್ ಬ್ಲೇಕ್ ಸ್ವತಃ ವಿಶ್ವದ 4ನೇ ರ‍್ಯಾಂಕ್ ತಲುಪಿದ್ದ ಆಟಗಾರ. 2004ರಲ್ಲಿ ರೋಮ್‌ನಲ್ಲಿ ಅಭ್ಯಾಸದ ವೇಳೆ ನೆಟ್ ಕಂಬಕ್ಕೆ ಬಡಿದು ಕತ್ತಿನ ಮೂಳೆ ಮುರಿದುಕೊಂಡ ಅವರು, ಅದೇ ವರ್ಷ ತಂದೆಯನ್ನು ಕಳೆದುಕೊಂಡು, ಸರ್ಪಸುತ್ತಿನಿಂದಲೂ ನರಳಿದರು. ಮರುವರ್ಷ ವೈಲ್ಡ್ ಕಾರ್ಡ್ (ಸಂಘಟಕರು ತಮ್ಮ ವಿವೇಚನೆಯಿಂದ ಕೊಡುವ ನೇರ ಪ್ರವೇಶ) ಪಡೆದು ಅಮೆರಿಕ ಓಪನ್‌ಗೆ ಬಂದು ನಡಾಲ್ ಅವರನ್ನು ಮಣಿಸಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಅಗಾಸ್ಸಿ ಎದುರು ಮೊದಲೆರಡು ಸೆಟ್ ಗೆದ್ದರೂ, ಐದನೆಯದು 6–6ರ ಸಮಬಲಕ್ಕೆ ಬಂದು, ಅದನ್ನು ತೀರ್ಮಾನಿಸುವ ಟೈಬ್ರೇಕ್‌ನಲ್ಲಿ ಸೋತರು. ಈಗ ವೈಲ್ಡ್ ಕಾರ್ಡ್ ಯಾರಿಗೆ ಎಂಬ ಪ್ರಶ್ನೆ ಅವರ ಮೇಜಿನ ಮೇಲೇ ಬರುತ್ತದೆ. ತಾಯಿಯಾದ ಬಳಿಕ ಶ್ರೇಯಾಂಕವಿಲ್ಲದೆ (ಅಗ್ರ ಆಟಗಾರರು ಆರಂಭದಲ್ಲೇ ಪರಸ್ಪರ ಎದುರಾಗದಂತೆ ಟೂರ್ನಿಯಲ್ಲಿ ಕೊಡುವ ಕ್ರಮಾಂಕವಿದು) ಬಂದ ಸೆರೆನಾ 2018ರಲ್ಲಿ ಮೊದಲ ಸುತ್ತಿನಲ್ಲೇ ಒಸಾಕಾಗೆ ಸೋತ ಆ ಟೂರ್ನಿಯ ವೇಳೆ, ಅಂಥವರಿಗೆ ಶ್ರೇಯಾಂಕದ ರಕ್ಷಣೆ ಇರಬೇಕೆಂದು ಬ್ಲೇಕ್ ಬಹಿರಂಗವಾಗಿ ವಾದಿಸಿದ್ದು ನನಗೆ ಬಹಳ ಹಿಡಿಸಿತು. ಮರಳಿ ಬರುವ ಕಷ್ಟ ಅವರಿಗೆ ಗೊತ್ತು.

ಟಿವಿಯಲ್ಲಿ ಅವರ ವೀಕ್ಷಕ ವಿವರಣೆಯೂ ಇಷ್ಟವಾಗುವುದು ಇದೇ ಕಾರಣಕ್ಕೆ: ಹೊಡೆತ ತಪ್ಪಿತೆನ್ನುವುದಕ್ಕಿಂತ, ಆ ಕ್ಷಣದಲ್ಲಿ ಆಟಗಾರ ಅದನ್ನೇ ಏಕೆ ಆರಿಸಿಕೊಂಡನೆಂಬುದರತ್ತ ಅವರ ಗಮನ ಹೆಚ್ಚು.

ಸ್ಥಳದ ಬಗ್ಗೆ ಮಾತ್ರ ನನ್ನ ತಕರಾರಿದೆ. 2019ರಲ್ಲಿ ಟೂರ್ನಿ ಕೀ ಬಿಸ್ಕೇನ್ ದ್ವೀಪವನ್ನು ಬಿಟ್ಟು ಹಾರ್ಡ್ ರಾಕ್ ಸ್ಟೇಡಿಯಂಗೆ ಬಂತು. ಅಮೆರಿಕನ್ ಫುಟ್‌ಬಾಲ್ ಮೈದಾನದೊಳಗೆ ತಾತ್ಕಾಲಿಕ ಗ್ಯಾಲರಿ ಕಟ್ಟಿ ಸೆಂಟರ್ ಕೋರ್ಟ್ ಮಾಡುತ್ತಾರೆ. ಅನುಕೂಲಗಳು ಹೆಚ್ಚಿದವು ನಿಜ, ಆದರೆ ಆ ಬೃಹತ್ ಕಟ್ಟಡದ ನಡುವೆ ಟೆನಿಸ್ ಅಂಕಣ ಬಡವಾಗಿ ಕಾಣುತ್ತದೆ. ಕಡಲಿನ ಸಾಮೀಪ್ಯವೂ ಹೋಯಿತು. ಹೊರ ಅಂಕಣಗಳಿಗೆ ಆ ಕೊರತೆ ತಟ್ಟುವುದಿಲ್ಲ.

ಡಬಲ್ಸ್ ಮೆಚ್ಚುವವರಂತೂ ಅಲ್ಲಿಗೇ ಹೋಗಬೇಕು. ಆರಂಭಿಕ ಸುತ್ತುಗಳು ಬಹುಪಾಲು ಅಲ್ಲೇ ನಡೆಯುತ್ತವೆ. 2024ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ತಮ್ಮ 44ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಪ್ರಶಸ್ತಿ ಎತ್ತಿದ್ದು ಈ ಟೂರ್ನಿಯಲ್ಲೇ: ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಕಳೆದುಕೊಂಡು, ಎರಡನೆಯದನ್ನು 6–3ರಿಂದ ಗೆದ್ದು, ಮೂರನೇ ಸೆಟ್ ಬದಲು ಆಡುವ 10 ಅಂಕಗಳ ಸೂಪರ್ ಟೈಬ್ರೇಕ್‌ನಲ್ಲಿ 10–6.