ಒಂದೇ ದಿನದಲ್ಲಿ ರೀಫ್ ಟ್ಯಾಂಕ್ ಮಾಡಿಕೊಡ್ತೀನಿ ಅನ್ನುವವರನ್ನು ನಂಬಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಮನೆಯಲ್ಲಿ ರೀಫ್ ಟ್ಯಾಂಕ್, ಅಂದರೆ ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್ ಇಡಬೇಕು ಅಂತ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಎಂಟು ವರ್ಷದಿಂದ ಗಪ್ಪಿ, ಏಂಜಲ್ ಸಾಕಿದವಳು ನಾನು. ಮೀನು ನನಗೆ ಹೊಸದಲ್ಲ. ಆದರೂ ಮೋಸ ಹೋದೆ.

ಹಾಸನದಲ್ಲಿ ಮನೆ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತೇನೆ. ಚೀಟಿ ದುಡ್ಡು ಬಂದಿತ್ತು. ಮಂಗಳೂರಿನಲ್ಲಿ ದೊಡ್ಡಮ್ಮನ ಮಗನ ಮನೆಯಲ್ಲಿ ರೀಫ್ ಟ್ಯಾಂಕ್ ಇದೆ. ಅಲ್ಲಿ ಅನಿಮೋನ್ (ಹೂವಿನಂತೆ ಕಾಣುವ ಸಮುದ್ರಜೀವಿ) ಒಳಗೆ ಕ್ಲೌನ್ ಮೀನು ಹುದುಗಿ ಮಲಗುವುದನ್ನು ನೋಡಿದಾಗಿನಿಂದ ನನಗೂ ಒಂದು ಬೇಕು ಅನಿಸಿತ್ತು. ಅಣ್ಣ ಒಂದೇ ಮಾತು ಹೇಳಿದ್ದ. "ಕಾಯುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕು." ನಾನು ಕಾಯಲಿಲ್ಲ. ಅವನನ್ನು ಮತ್ತೆ ಕೇಳಲೂ ಇಲ್ಲ.

ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಬೆಂಗಳೂರಿನ ಒಬ್ಬನಿಗೆ ಫೋನ್ ಮಾಡಿದೆ. "ಅಕ್ಕಾ, ನೀವೇನೂ ಮಾಡ್ಬೇಕಾಗಿಲ್ಲ. ಭಾನುವಾರ ಬರ್ತೀನಿ, ಸಾಯಂಕಾಲಕ್ಕೆ ಮೀನು ಓಡಾಡ್ತಿರುತ್ತೆ" ಅಂದ. ಎರಡಡಿ ಟ್ಯಾಂಕ್, ಸುಮಾರು 70 ಲೀಟರ್. ಲೈಟು, ಪಂಪು, ಹೀಟರ್, ಉಪ್ಪು, ಕಲ್ಲು, ಮೀನು ಎಲ್ಲ ಸೇರಿ 36,000 ರೂಪಾಯಿ. 20,000 ಮೊದಲೇ ಹಾಕಿಸಿಕೊಂಡ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಬಂದ. ಗೋಣಿಚೀಲದಿಂದ ಕಲ್ಲು ತೆಗೆದ. ಪೇಪರ್ ಸುತ್ತಿದ್ದ ಒಣ ಕಲ್ಲು. "ಇದು ಲೈವ್ ರಾಕ್ ಅಕ್ಕಾ" ಅಂದ. ನಾನು ಕೇಳಿದೆ, "ಟ್ಯಾಂಕ್ ಸೈಕಲ್ ಆಗೋದು ಬೇಡ್ವಾ?" ಇದನ್ನು ನಾನು ಕೇಳಿದ್ದೆ! ಸಿಹಿನೀರಿನ ಟ್ಯಾಂಕಿಗೂ ಅದು ಬೇಕು ಅಂತ ನನಗೆ ಗೊತ್ತು. ಅವನು ನಕ್ಕ. "ಬ್ಯಾಕ್ಟೀರಿಯಾ ಎಲ್ಲ ಈ ಕಲ್ಲಲ್ಲೇ ಇದೆ ಅಕ್ಕಾ. ನೀವು ಹೇಳೋದು ಹಳೇ ಕಾಲದ್ದು." ನಾನು ಸುಮ್ಮನಾದೆ. ಗೊತ್ತಿದ್ದೂ ಸುಮ್ಮನಾದೆ. ಅದೇ ಈಗಲೂ ಹೊಟ್ಟೆ ಉರಿಸುತ್ತಿದೆ.

ಸೈಕಲ್ ಆಗೋದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿವರೆಗೆ ಟ್ಯಾಂಕ್ ಮೀನಿಲ್ಲದೆ ಓಡಬೇಕು. ಲೈವ್ ರಾಕ್ ಅಂದರೆ ಆ ಜೀವ ಒಳಗಿರುವ ಕಲ್ಲು, ಅದನ್ನು ಒದ್ದೆಯಾಗಿಯೇ ತರಬೇಕು. ಗೋಣಿಚೀಲದಲ್ಲಿ ಒಣಗಿ ಬಂದ ಕಲ್ಲಲ್ಲಿ ಎಲ್ಲಿಯ ಜೀವ? ಅನಿಮೋನ್ ಅಂತೂ ಟ್ಯಾಂಕ್ ಹಳತಾದ ಮೇಲೇ ಬಿಡಬೇಕಾದ್ದು, ಅಣ್ಣ ಆರು ತಿಂಗಳು ಬಿಟ್ಟು ತಂದಿದ್ದನಂತೆ. ನಮ್ಮ ಮನೆಯಲ್ಲಿ ಉಪ್ಪು ಕಲಸಿದ ಎರಡು ಗಂಟೆಗೆ ಎಲ್ಲ ನೀರಿಗೆ ಬಿತ್ತು. ಎರಡು ಕ್ಲೌನ್, ಒಂದು ನೀಲಿ ಡ್ಯಾಮ್ಸೆಲ್, ಒಂದು ಅನಿಮೋನ್. ಜೊತೆಗೆ ಅಂಗೈಯಗಲದ ಒಂದು ಹವಳ. "ಇದು ನಿಮಗೆ ಫ್ರೀ ಅಕ್ಕಾ, ಯಾರಿಗೂ ಹೇಳ್ಬೇಡಿ." ಫೋಟೊ ತೆಗೆದುಕೊಂಡ, ಬಾಕಿ 16,000 ತಗೊಂಡ, ಹೋದ.

ಮೂರನೇ ದಿನ ಅನಿಮೋನ್ ಮುದುಡಿತು. ಐದನೇ ದಿನಕ್ಕೆ ರೂಮೆಲ್ಲ ಕೊಳೆತ ವಾಸನೆ. ಬ್ಲೌಸ್ ಅಳತೆ ಕೊಡಲು ಬಂದವರು ಸೆರಗು ಮೂಗಿಗೆ ಹಿಡಿದರು. ಆರನೇ ದಿನ ಒಂದು ಕ್ಲೌನ್ ಸತ್ತಿತು. ಅಮೋನಿಯಾ ಟೆಸ್ಟ್ ಮಾಡಿದರೆ ಹಳದಿ ಇರಬೇಕಾದ ನೀರು ಕಡು ಹಸಿರು.

ಅವನ ಉತ್ತರಗಳನ್ನು ಕೇಳಿ. ಮೊದಲು, "ಅಕ್ಕಾ, ಫುಡ್ ಜಾಸ್ತಿ ಹಾಕಿದ್ದೀರ." ಆಮೇಲೆ, "ಕರೆಂಟ್ ಹೋಗಿರ್ಬೇಕು." ಆಮೇಲೆ, "ನಿಮ್ಮ ಹಾಸನದ ನೀರೇ ಸರಿ ಇಲ್ಲ." ನೀರು ಸರಿ ಇಲ್ಲದಿದ್ದರೆ ಆರ್‌ಓ ನೀರು ತರಿಸಿ ಅಂತ ಮೊದಲೇ ಹೇಳಬೇಕಿತ್ತಲ್ವಾ? ನಮ್ಮ ಬೋರ್‌ವೆಲ್ ನೀರನ್ನು ತನ್ನ ಕೈಯಾರೆ ತುಂಬಿದವನು ಅವನೇ. ನೀರು ಕಮ್ಮಿಯಾದರೆ ಉಪ್ಪುನೀರು ಹಾಕಿ ಅಂತಲೂ ಹೇಳಿದ್ದ. ಅದೂ ತಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಮೇಲೆ ಹಾಕಬೇಕಾದ್ದು ಸಿಹಿನೀರು. ಕೊನೆಗೆ ಬ್ಯಾಕ್ಟೀರಿಯಾ ಬಾಟಲಿ ಅಂತ 2,400 ಕೇಳಿದ. ಅದನ್ನೂ ಕಳಿಸಿದೆ. ಹೌದು, ಎರಡನೇ ಸಲವೂ ಕಳಿಸಿದೆ. ಇದನ್ನು ನಮ್ಮ ಮನೆಯವರಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಹನ್ನೊಂದನೇ ದಿನಕ್ಕೆ ಡ್ಯಾಮ್ಸೆಲ್ ಕೂಡ ಹೋಯಿತು.

ಆಗ ಅಣ್ಣನಿಗೆ ಫೋನ್ ಮಾಡಿ ಅತ್ತೆ. ಅವನು ಕೇಳಿದ್ದು, "ಉಪ್ಪಿನ ಪ್ಯಾಕೆಟ್ ಮೇಲೆ ಏನು ಬರೆದಿದೆ?" ಏನೂ ಬರೆದಿರಲಿಲ್ಲ. ಬರೀ ಪ್ಲಾಸ್ಟಿಕ್ ಕವರ್. ಅದು ಸರಿಯಾದ ಉಪ್ಪೇನಾ ಅಂತ ನೋಡಲು ಅಣ್ಣ ಕ್ಯಾಲ್ಸಿಯಂ ಟೆಸ್ಟ್ ಕಿಟ್ಟನ್ನೂ ತನ್ನ ಟ್ಯಾಂಕಿನ ಒಂದು ಬಾಟಲಿ ನೀರನ್ನೂ ಬಸ್ಸಿನಲ್ಲಿ ಕಳಿಸಿದ. ಹನಿ ಹನಿ ಹಾಕುತ್ತಾ ಹೋಗಬೇಕು, ಗುಲಾಬಿ ಬಣ್ಣ ನೀಲಿಗೆ ತಿರುಗಿದಾಗ ನಿಲ್ಲಿಸಬೇಕು. ಒಂದು ಹನಿ ಅಂದರೆ 20 ಪಿಪಿಎಂ, ಲೀಟರಿಗೆ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂ. ಅಣ್ಣನ ನೀರು ನೀಲಿಯಾಗಲು 21 ಹನಿ ಬೇಕಾಯಿತು, ಅಂದರೆ 420. ಸಮುದ್ರದ ನೀರಲ್ಲೂ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ನನ್ನ ಟ್ಯಾಂಕಿನ ನೀರು ಮೂರನೇ ಹನಿಗೇ ನೀಲಿ. ತಪ್ಪು ಮಾಡಿದೆನೇನೋ ಅಂತ ಮತ್ತೆ ಮಾಡಿದೆ. ಮೂರೇ. ಆಮೇಲೆ ಸುಮ್ನೆ ನಮ್ಮ ಬೋರ್‌ವೆಲ್ ನೀರನ್ನೂ ಹಾಕಿ ನೋಡಿದೆ. ಅದೂ ಮೂರು ಹನಿ! ಅವನ ಉಪ್ಪಿನಿಂದ ಕ್ಯಾಲ್ಸಿಯಂ ಒಂದು ಹನಿಯಷ್ಟೂ ಬಂದಿಲ್ಲ. ಕೆಜಿಗೆ 350ರಂತೆ ಹತ್ತು ಕೆಜಿ ಲೆಕ್ಕ ಹಾಕಿದ್ದು ಸಾರಿಗೆ ಹಾಕುವ ಉಪ್ಪು. ಅಡುಗೆಮನೆಯ ಕಟ್ಟೆಯ ಮುಂದೆ ನಿಂತವಳು ಅಲ್ಲೇ ಕೂತುಬಿಟ್ಟೆ.

ಫೋನ್ ಮಾಡಿದೆ. ಅಲ್ಲಿವರೆಗೆ ಅಕ್ಕಾ ಅನ್ನುತ್ತಿದ್ದವನು ಮೇಡಂ ಅಂದ. "ಮೇಡಂ, ಅದೂ ಸಮುದ್ರದ ಉಪ್ಪೇ ತಾನೆ?" ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರ ನೀವೂ ನೋಡಿರುತ್ತೀರಿ. ನೀರು ಬತ್ತುವಾಗ ಕ್ಯಾಲ್ಸಿಯಂನ ಜಾಸ್ತಿ ಪಾಲು ಜಿಪ್ಸಂ ಆಗಿ ಮೊದಲೇ ಕೆಳಗೆ ಕೂರುತ್ತದೆ, ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಲ್ಲಿ ಹೋಗುತ್ತದೆ. ನಡುವೆ ಸಿಗುವುದು ಅಡುಗೆ ಉಪ್ಪು. ರೀಫ್ ಟ್ಯಾಂಕಿನ ಉಪ್ಪಿನಲ್ಲಿ ಅದೆಲ್ಲ ಅಳತೆ ಪ್ರಕಾರ ಮತ್ತೆ ಸೇರಿರಬೇಕು. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂದೆ. ಆಗ ಮೇಡಂ ಕೂಡ ಹೋಯಿತು. "ಹೋಗ್ರೀ. ಮನೇಲಿ ಹವಳ ಇಟ್ಕೊಂಡಿರೋದು ನೀವು." ಕೈಕಾಲು ತಣ್ಣಗಾಯಿತು. ನಮ್ಮ ಸಮುದ್ರದ ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿದೆಯಂತೆ. ಸಕಲೇಶಪುರದ ಆನೆ, ಭದ್ರಾದ ಹುಲಿ ಇರುವ ಅದೇ ಪಟ್ಟಿ. ಜೈಲು 3ರಿಂದ 7 ವರ್ಷ. ಫ್ರೀ ಅಂತ ಕೊಟ್ಟಿದ್ದು ನನ್ನ ಬಾಯಿ ಮುಚ್ಚಿಸಲು! ನಾಳೆಯೇ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಆ ತುಂಡು ಒಪ್ಪಿಸಿ ನಡೆದದ್ದನ್ನೆಲ್ಲ ಹೇಳುತ್ತೇನೆ. ಹೆದರಿ ಕೂರುವುದಿಲ್ಲ.

ನೀವು ಕೊಳ್ಳುವುದಿದ್ದರೆ ಬಿಲ್ ಇಲ್ಲದೆ ರೂಪಾಯಿ ಕೊಡಬೇಡಿ. ಸೀಲ್ ಇಲ್ಲದ ಉಪ್ಪು ಬೇಡ. ಟ್ಯಾಂಕ್ ಇಟ್ಟ ದಿನವೇ ಮೀನು ತಂದವನನ್ನು ಬಾಗಿಲಿಂದಲೇ ಕಳಿಸಿ. ಹವಳ ಕೊಟ್ಟರೆ ಮುಟ್ಟಲೇಬೇಡಿ. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಮ್ಮ ಊರಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ.

ಇಷ್ಟು ದಿನ ಸುಮ್ಮನಿದ್ದವಳು ಇವತ್ತು ಯಾಕೆ ಬರೆದೆ ಅಂದರೆ, ಅವನು ಆ ಭಾನುವಾರ ತೆಗೆದ ಫೋಟೊವನ್ನು ನಿನ್ನೆ ಸ್ಟೇಟಸ್‌ಗೆ ಹಾಕಿದ್ದಾನೆ. "ಹಾಸನದ ನಮ್ಮ ಕಸ್ಟಮರ್ ಮನೆ" ಅಂತ. ಹಿಂದೆ ಹಳದಿ ಕರ್ಟನ್ ಇದೆ, ಎಡಗಡೆ ಹೊಲಿಗೆ ಮಿಷನ್ನಿನ ಚಕ್ರ ಕಾಣುತ್ತದೆ. ಆ ಫೋಟೊ ಯಾರಾದರೂ ನಿಮಗೆ ತೋರಿಸಿದರೆ, ಅದರಲ್ಲಿರುವ ಒಂದು ಮೀನೂ ಈಗ ಬದುಕಿಲ್ಲ.