ಏಳೂವರೆ ಸಾವಿರದ ಎಲಿವೇಷನ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮದು ಶಿವಮೊಗ್ಗದ ಹೊರಗಿನ ಬಡಾವಣೆಯಲ್ಲಿ 30×40ರ ಸೈಟು. ಪಶ್ಚಿಮಕ್ಕೆ ಮುಖ. ಪ್ಲ್ಯಾನ್ ಮಾಡಿಕೊಟ್ಟ ಇಂಜಿನಿಯರ್ ರೂಮು, ಪಾಯ, ಕಬ್ಬಿಣದ ಲೆಕ್ಕ ಎಲ್ಲ ಅಚ್ಚುಕಟ್ಟಾಗಿ ಕೊಟ್ಟರು. ಮುಂಭಾಗ ಹೇಗಿರಬೇಕು ಅಂತ ಕೇಳಿದ್ದಕ್ಕೆ, "ಎಲಿವೇಷನ್ ಬೇರೆಯವರ ಹತ್ರ ಮಾಡಿಸ್ಕೊಳ್ಳಿ ಮೇಡಂ, ಈಗ ಅದಕ್ಕೇ ಅಂತ ಜನ ಇದ್ದಾರೆ" ಅಂದರು. ಹಾಗೆ ಸಿಕ್ಕಿದ್ದು ಮನೆಯ ಮುಂಭಾಗದ ಚಿತ್ರ ಬರೆದುಕೊಡುವ ಈ ಸರ್ವಿಸ್. ಫೋನಿನಲ್ಲೇ ಮಾತು, ವಾಟ್ಸಾಪಿನಲ್ಲೇ ಕೆಲಸ. ಹೆಸರು ಬರೆಯುವುದಿಲ್ಲ. ಹುಡುಗರು ಒಳ್ಳೆಯವರೇ. ಬೈದರೆ ಬೇಜಾರು ಮಾಡಿಕೊಳ್ಳದೆ "ಓಕೆ ಮೇಡಂ" ಅಂತಿದ್ದರು.

7,500 ರೂಪಾಯಿಗೆ ಮೂರು ಸ್ಟೈಲು. ಒಂದೊಂದಕ್ಕೂ ಹಗಲಿನ ಚಿತ್ರ ಒಂದು, ರಾತ್ರಿಯ ಚಿತ್ರ ಒಂದು. ಎರಡು ಸಲ ತಿದ್ದುಪಡಿ ಫ್ರೀ. ಹತ್ತು ದಿನ ಅಂದಿದ್ದರು, ಹದಿನಾಲ್ಕನೇ ದಿನ ಕೊಟ್ಟರು. ಮನೆ ಕಟ್ಟಿಸಿದವರಿಗೆ ಗೊತ್ತು, ನಾಲ್ಕು ದಿನ ತಡ ಅನ್ನೋದು ತಡವೇ ಅಲ್ಲ.

ಮೊದಲು ಒಂದು ಪಟ್ಟಿ ಕಳಿಸಿದರು. ಮಾಡರ್ನ್, ಕಂಟೆಂಪರರಿ, ಟ್ರೆಡಿಷನಲ್, ಕೇರಳ, ಚೆಟ್ಟಿನಾಡ್, ಕಲೋನಿಯಲ್, ಕ್ಲಾಸಿಕಲ್, ಇನ್ನೂ ಏನೇನೋ. ಹೋಟೆಲ್ ಮೆನು ನೋಡಿದ ಹಾಗಾಯಿತು. ಮಾಡರ್ನ್‌ಗೂ ಕಂಟೆಂಪರರಿಗೂ ಏನು ವ್ಯತ್ಯಾಸ ಅಂತ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಕಂಟೆಂಪರರಿಯಲ್ಲಿ ವುಡ್ ಜಾಸ್ತಿ ಬರುತ್ತೆ ಮೇಡಂ" ಅಂದ. ಸರಿ ಬಿಡಪ್ಪ ಅಂತ ಮಾಡರ್ನ್, ಟ್ರೆಡಿಷನಲ್, ಕ್ಲಾಸಿಕಲ್ ಮೂರನ್ನು ಆರಿಸಿದೆ. ಮಾಡರ್ನ್ ನಮ್ಮನೆಯವರಿಗೆ, ಟ್ರೆಡಿಷನಲ್ ಮಾವನಿಗೆ. ಕ್ಲಾಸಿಕಲ್ ಯಾರಿಗೂ ಅಲ್ಲ, ದುಡ್ಡು ಕೊಟ್ಟಿದ್ದೀವಲ್ಲ ಅಂತ.

ಮಾಡರ್ನ್ ಚಿತ್ರ ಬಂದ ದಿನ ಮನೆಯಲ್ಲಿ ಹಬ್ಬ. ಬಿಳಿ ಬಾಕ್ಸು, ಅದರ ಮೇಲೆ ಕಪ್ಪು ಬೂದಿ ಬಣ್ಣದ ಇನ್ನೊಂದು ಬಾಕ್ಸು, ಮಧ್ಯದಲ್ಲಿ ಎಂಟು ಅಡಿ ಎತ್ತರದ ಗಾಜು. ರಾತ್ರಿ ಚಿತ್ರದಲ್ಲಿ ಗಾಜಿನೊಳಗಿಂದ ಹಳದಿ ಬೆಳಕು. ನಮ್ಮನೆಯವರು ಅದನ್ನೇ ಸ್ಟೇಟಸ್ ಹಾಕಿಕೊಂಡರು. ಎರಡನೇ ದಿನ ಸೈಟಿಗೆ ಹೋಗಿ ಫೋನನ್ನು ಕಣ್ಣ ಮುಂದೆ ಹಿಡಿದು ನೋಡಿದೆ. ಆಗ ಒಂದೊಂದಾಗಿ ಕಾಣತೊಡಗಿತು. ಮನೆ ಮುಂದಿನ ಕರೆಂಟ್ ಕಂಬ ಚಿತ್ರದಲ್ಲಿಲ್ಲ. ಎಡಗಡೆ ಮನೆಯ ನೀರಿನ ಟ್ಯಾಂಕ್ ಇಲ್ಲ. ಎಡಗಡೆ ಮನೆಯೇ ಇಲ್ಲ! ಅಲ್ಲಿ ಹಸಿರು ಹುಲ್ಲು, ಒಂದು ತಾಳೆ ಮರ, ನಾವು ಈ ಜನ್ಮದಲ್ಲಿ ಕೊಳ್ಳಲಾಗದ ಕಾರು. ಮೇಲಿನ ಬಾಲ್ಕನಿ ಆರಾಮಾಗಿ ಐದಡಿ ಮುಂದೆ ಬಂದಿತ್ತು. ನಾವು ಮುಂದೆ ಬಿಟ್ಟಿರೋ ಜಾಗವೇ ನಾಲ್ಕು ಅಡಿ.

ಇದೆಲ್ಲ ತಮಾಷೆ ಅನ್ನಿ. ನಿಜವಾದ ತೊಂದರೆ ಬೇರೆ ಇತ್ತು. ಒಂದು ಕಿಟಕಿಯ ಮೇಲೂ ಮಳೆ, ಬಿಸಿಲು ತಡೆಯಲು ಮುಂದೆ ಚಾಚುವ ಸಜ್ಜಾ ಇರಲಿಲ್ಲ. ನಮ್ಮ ಕಡೆ ಮುಂಗಾರು ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ನೇರ ಮುಂದಿನ ಗೋಡೆಗೇ ಹೊಡೆಯುತ್ತದೆ. ಮಳೆ ಇಲ್ಲದ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲಿನ ಬಿಸಿಲೂ ಅಲ್ಲಿಗೇ. ಅಂಥ ಗೋಡೆಗೆ ಎಂಟಡಿ ಗಾಜು, ಮೇಲೆ ಒಂದು ಗೇಣು ನೆರಳಿಲ್ಲ. ಕೇಳಿದರೆ, "ಸಜ್ಜಾ ಹಾಕಿದ್ರೆ ಮಾಡರ್ನ್ ಲುಕ್ ಹೋಗುತ್ತೆ ಮೇಡಂ" ಅಂದ. ಲುಕ್ ಇರಲಿ ಕಣಪ್ಪ, ಸೋಫಾ ನೆನೆಯುತ್ತಲ್ಲ.

ಟ್ರೆಡಿಷನಲ್ ಚಿತ್ರ ತೋರಿಸಿದಾಗ ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಾವ ತೀರ್ಥಹಳ್ಳಿ ಕಡೆಯವರು, ತೊಟ್ಟಿ ಮನೆಯಲ್ಲಿ ಹುಟ್ಟಿ ಬೆಳೆದವರು. ಕೊನೆಗೆ, "ಇದು ಟೊಪ್ಪಿ ಹಾಕ್ಕೊಂಡಿರೋ ತಾರಸಿ ಮನೆ" ಅಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಕ್ಕೆ ಬರಲ್ಲ. ಕಾಂಕ್ರೀಟಿನ ಮೋಲ್ಡನ್ನೇ ಓರೆಯಾಗಿ ಹಾಕಿ, ಅದರ ಮೇಲೆ ಗಾರೆಯಲ್ಲಿ ಹೆಂಚು ಅಂಟಿಸಿದ್ದು. ಎರಡು ಚೌಕಾಕಾರದ ಕಂಬಕ್ಕೆ ಮರದ ಬಣ್ಣ. ಒಂದು ಜಗಲಿಯೂ ಇತ್ತು. ಒಬ್ಬರು ಕಾಲು ಇಳಿಬಿಟ್ಟು ಕೂತರೆ ಇನ್ನೊಬ್ಬರಿಗೆ ಬಾಗಿಲು ದಾಟಕ್ಕೆ ಜಾಗ ಇಲ್ಲ.

ಆ ಭಾನುವಾರ ಮಾವನನ್ನು ಕರೆದುಕೊಂಡು ಕುಪ್ಪಳಿಗೆ ಹೋದೆವು. ಅಲ್ಲಿನ ಕುವೆಂಪು ಅವರ ಕವಿಮನೆಗೆ ಶಾಲೆಯ ಟ್ರಿಪ್ಪಿನಲ್ಲಿ ಹೋಗಿದ್ದೆ, ಆಗ ಗಮನವೆಲ್ಲ ಬುತ್ತಿಯ ಮೇಲೆ. ಈ ಸಲ ಮನೆ ಕಟ್ಟಿಸುವವಳ ಕಣ್ಣಲ್ಲಿ ನೋಡಿದೆ. ಮೂರು ಅಂತಸ್ತಿನ ಮನೆ, ಮಧ್ಯೆ ಅಂಗಳ, ಸುತ್ತ ಮರದ ಕಂಬ. ಮೇಲಿನಿಂದ ಕೆಳಗಿನವರೆಗೆ ಎಲ್ಲ ನಿರ್ಧಾರವನ್ನೂ ಮಳೆಯೇ ಮಾಡಿದ ಹಾಗಿದೆ. ಮಾಡು ಗೋಡೆಗಿಂತ ತುಂಬ ಮುಂದಕ್ಕೆ ಬಂದು ಬಗ್ಗಿ ನಿಂತಿದೆ, ಹಾಗಾಗಿ ಗೋಡೆಗೆ ನೀರು ತಾಗುವುದೇ ಕಡಿಮೆ. ಮಾವ ಮಾಡಿನ ಕೆಳಗೆ ನಿಂತು ಇಳಿಜಾರಿನ ಪಕಾಸಿ, ಅದಕ್ಕೆ ಅಡ್ಡ ಹೊಡೆದ ಮರದ ರೀಪು, ಅದರ ಮೇಲೆ ಹೆಂಚು ಕೂರುವ ಕಿವಿ, ಎಲ್ಲ ಬೆರಳಲ್ಲಿ ತೋರಿಸಿದರು. ನಿಜವಾದ ಹೆಂಚಿನ ಮಾಡಿನಲ್ಲಿ ಹೆಂಚನ್ನು ಯಾರೂ ಅಂಟಿಸುವುದಿಲ್ಲ. ಒಂದರ ತುದಿ ಇನ್ನೊಂದರ ಮೇಲೆ ಕೂತಿರುತ್ತದೆ ಅಷ್ಟೆ. ಒಂದು ಒಡೆದರೆ ಕೋಲಲ್ಲಿ ಎತ್ತಿ ಇನ್ನೊಂದನ್ನು ಸೇರಿಸಬಹುದು. ಸಂದಿಯಲ್ಲಿ ಗಾಳಿ ಆಡುತ್ತದೆ, ಅದಕ್ಕೇ ಒಳಗೆ ತಂಪು. ಮೋಲ್ಡಿನ ಮೇಲೆ ಅಂಟಿಸಿದ ಹೆಂಚಿಗೆ ಇದರಲ್ಲಿ ಯಾವುದೂ ಇಲ್ಲ. ಒಡೆದರೆ ಗಾರೆ ಸಮೇತ ಕೆತ್ತಬೇಕು.

ವಾಪಸ್ ಬರುವಾಗ ಕಾರಿನಲ್ಲಿ ಮಾವನನ್ನು ಸುಮ್ನೆ ರೇಗಿಸಿದೆ. ಮಂಗಳೂರು ಹೆಂಚನ್ನು ಪರಂಪರೆ ಅಂತೀರಲ್ಲ ಮಾವ, ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ. ಅದಕ್ಕೆ ಮುಂಚೆ ನಿಮ್ಮೂರಲ್ಲಿ ಹುಲ್ಲು, ಸೋಗೆ, ನಾಡಹೆಂಚು. ಅವತ್ತಿನ ಅಜ್ಜಂದಿರಿಗೆ ಅದೂ ಮಾಡರ್ನೇ ತಾನೆ? ಮಾವ ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ, "ಮಾಡರ್ನೇ ಇರ್ಲಿ, ಸೋರ್ತಿರ್ಲಿಲ್ಲ" ಅಂದರು.

ನಮ್ಮ ಸೈಟಿನಲ್ಲಿ ಅಂಥ ಮಾಡು ಆಗುವುದಿಲ್ಲ ಅನ್ನೋದು ಅವತ್ತೇ ಗೊತ್ತಾಯಿತು. ಎರಡು ಪಕ್ಕಕ್ಕೂ ಮೂರಡಿ ಮುಂದೆ ಚಾಚಿದರೆ ನೀರು ಬೀಳುವುದು ಪಕ್ಕದವರ ಕಾಂಪೌಂಡಿಗೆ. ಆ ಜಗಳ ಹೆಂಚಿಗಿಂತ ಜಾಸ್ತಿ ಬಾಳಿಕೆ ಬರುತ್ತದೆ. ಇದನ್ನು ನನಗೆ ಹೇಳಬೇಕಾದವರು ಚಿತ್ರ ಬರೆದವರು, ಅಲ್ವಾ?

ಕ್ಲಾಸಿಕಲ್ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಆರು ದುಂಡು ಕಂಬ, ಕಂಬದ ತಲೆಗೆ ಎಲೆ ಬಳ್ಳಿ, ಮೇಲೆ ತ್ರಿಕೋನ. ಅತ್ತೆ ನೋಡಿ, "ಊಟದ ಹಾಲ್ ಎಷ್ಟು ಜನಕ್ಕಾಗುತ್ತೆ?" ಅಂತ ಕೇಳಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಸರ್ವಿಸ್‌ಗೆ ಐದಕ್ಕೆ ಒಂದು ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ತಿದ್ದುಪಡಿ ಎರಡು ಬಾಕಿ ಇತ್ತು. ನಾನು ಡಿಗ್ರಿ ಓದುವಾಗ ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. 1898ರ ಪ್ಲೇಗಿನ ಮೇಲೆ ಬೆಳೆದ ಬಡಾವಣೆ ಅದು. ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಹಳೆ ಬಂಗಲೆ ಇತ್ತು, ಕಿಟಕಿಗಳ ಮೇಲೆ ಚೂಪಾದ ಮರದ ಟೊಪ್ಪಿಗೆ. ಮುಂದುಗಡೆ ಉದ್ದುದ್ದ ಪಟ್ಟಿ ಇಳಿಬಿಟ್ಟು ಜಾಲರಿ ಥರ ಮಾಡಿರುತ್ತಾರೆ. ಮಂಕಿ ಟಾಪ್ ಅಂತಾರೆ. ಬ್ರಿಟಿಷರ ಕಾಲದ ಬಂಗಲೆಗಳ ಗುರುತು ಅದು. ಈಗ ಬೆಂಗಳೂರಲ್ಲಿ ಹುಡುಕಬೇಕು.

ಪಶ್ಚಿಮದ ಬಿಸಿಲಿಗೆ ಅದೇ ಸರಿ ಅಂತ ತಲೆಗೆ ಬಂತು. ಸಂಜೆ ಸೂರ್ಯ ಕೆಳಗಿಳಿದಿರುತ್ತಾನೆ, ಬರೀ ಮೇಲಿನ ಸಜ್ಜಾಕ್ಕೆ ಅವನು ಸಿಗುವುದಿಲ್ಲ. ಮುಂದೆ ಇಳಿಬಿದ್ದಿರೋ ಪಟ್ಟಿ ಬೇಕು. ಒಂದು ಹಳೆ ಫೋಟೋ ಹುಡುಕಿ ಹುಡುಗನಿಗೆ ಕಳಿಸಿದೆ. ಮಂಕಿ ಟಾಪ್ ಅನ್ನೋ ಹೆಸರೇ ಅವನು ಕೇಳಿರಲಿಲ್ಲ. ಮೂರೇ ದಿನದಲ್ಲಿ ಬರೆದು ಕಳಿಸಿದ, ನಿಜವಾಗಲೂ ಚೆಂದ ಬರೆದಿದ್ದ. ಮಾಡರ್ನ್ ಚಿತ್ರದ ಸರಳ ಗೋಡೆ ಹಾಗೇ ಇತ್ತು, ಗಾಜು ನಾಲ್ಕು ಅಡಿಗೆ ಇಳಿದಿತ್ತು, ಮೇಲಿನ ಎರಡು ಕಿಟಕಿಗೆ ಮರದ ಟೊಪ್ಪಿಗೆ, ಕೆಳಗೆ ಬಾಗಿಲ ಪಕ್ಕ ಇಬ್ಬರು ಕೂರುವ ಕಟ್ಟೆ. ಅದು ಯಾವ ಸ್ಟೈಲು ಅಂತ ಹೇಳಕ್ಕೆ ಅವನ ಪಟ್ಟಿಯಲ್ಲಿ ಹೆಸರಿರಲಿಲ್ಲ. ಫೈಲಿಗೆ "ಫೈನಲ್ ಮಂಕಿ" ಅಂತ ಹೆಸರಿಟ್ಟು ಕಳಿಸಿದ್ದ.

ಖುಷಿಯಲ್ಲಿ ಮೇಸ್ತ್ರಿಗೆ ತೋರಿಸಿದೆ. ಮೇಸ್ತ್ರಿ ಫೋನನ್ನು ಆ ಕಡೆ ಈ ಕಡೆ ತಿರುಗಿಸಿ, "ಚಂದ ಐತೆ ಅಕ್ಕ. ಅಳತೆ ಎಲ್ಲೈತೆ?" ಅಂದರು. ಅಳತೆ ಇರಲಿಲ್ಲ. ಸರ್ವಿಸ್‌ನವರನ್ನು ಕೇಳಿದ್ದಕ್ಕೆ, ವರ್ಕಿಂಗ್ ಡ್ರಾಯಿಂಗ್ ಬೇರೆ, ಅದಕ್ಕೆ ಇನ್ನೂ 3,000 ಆಗುತ್ತದೆ ಅಂದರು. ನನಗೆ ಸಿಟ್ಟು ಬಂದಿದ್ದು ಇಲ್ಲಿ. ಮೊದಲ ದಿನವೇ ಹೇಳಿದ್ದರೆ ಕೊಡುತ್ತಿದ್ದೆ. ಅಳತೆ ಇಲ್ಲದ ಚಿತ್ರದಲ್ಲಿ ಮನೆ ಕಟ್ಟೋದು ಹೇಗೆ? ಕೊಟ್ಟೆ, ಬೇರೆ ದಾರಿ ಇರಲಿಲ್ಲ. ಡ್ರಾಯಿಂಗ್ ಬಂತು. ಕೆಳಗಿನ ಕಿಟಕಿಗಳ ಸಜ್ಜಾ ಒಂಬತ್ತು ಇಂಚು. ಮೇಸ್ತ್ರಿ ನಕ್ಕು, "ಇದು ಕಾಗೆ ಕೂರಕ್ಕೆ" ಅಂತ ಹೇಳಿ ಎರಡಡಿ ಮಾಡಿದರು.

ಸಜ್ಜಾದ ಪ್ಲಾಸ್ಟರಿಂಗ್ ದಿನ ನಾನು ಅಲ್ಲೇ ಇದ್ದೆ. ಅಡಿಭಾಗದ ಗಾರೆ ಇನ್ನೂ ಹಸಿ ಇತ್ತು. ತುದಿಯಿಂದ ಎರಡು ಬೆರಳು ಒಳಗೆ ಮೇಸ್ತ್ರಿ ಅರ್ಧ ಇಂಚಿನ ಕಬ್ಬಿಣದ ಸರಳನ್ನು ಉದ್ದಕ್ಕೂ ಒತ್ತಿ ಹಿಡಿದರು. ಗಾರೆ ಸ್ವಲ್ಪ ಬಿಗಿಯಾದ ಮೇಲೆ ಮೆಲ್ಲಗೆ ಬಿಡಿಸಿದರು. ಒಂದು ಸಣ್ಣ ಕಾಲುವೆ ಉಳಿಯಿತು. ಏನಕ್ಕೆ ಇದು ಅಂದೆ. "ನೀರು ಸಜ್ಜಾ ಅಂಚಿಂದ ಸುಮ್ನೆ ಬೀಳಲ್ಲ ಅಕ್ಕ, ಅಡಿಗೆ ಅಂಟ್ಕೊಂಡು ಗೋಡೆ ಕಡೆ ಓಡುತ್ತೆ. ಇಲ್ಲಿಗೆ ಬಂದ್ರೆ ದಾಟಕ್ಕಾಗಲ್ಲ, ಉದುರ್ತದೆ." ಮೊದಲ ಮಳೆಯಲ್ಲಿ ಛತ್ರಿ ಹಿಡಿದು ನಿಂತು ನೋಡಿದೆ. ಹನಿಗಳು ಆ ಗೀರಿನವರೆಗೆ ಓಡಿ ಬಂದು, ಅಂಚಿಗೆ ತೂಗಿ, ಒಂದೊಂದಾಗಿ ಕೆಳಗೆ ಬಿದ್ದವು. ಗೀರಿನ ಆಚೆ ಗೋಡೆ ಒಣಗಿಕೊಂಡೇ ಇತ್ತು. ಇದು 3,000ದ ಡ್ರಾಯಿಂಗಿನಲ್ಲಿ ಇರಲಿಲ್ಲ.

ಮಂಕಿ ಟಾಪಿಗೆ ಮಾವನ ಊರಿನಲ್ಲಿ ಕೊಟ್ಟಿಗೆ ಬಿಚ್ಚಿದಾಗ ಉಳಿದಿದ್ದ ರೀಪುಗಳನ್ನೇ ತಂದೆವು. ಬಡಗಿ ಕೆಲಸಕ್ಕೆ, ಎಣ್ಣೆ ಪಾಲಿಶ್‌ಗೆ ಸೇರಿ 22,000 ಆಯಿತು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಎಣ್ಣೆ ಹಚ್ಚಬೇಕು, ಅದೊಂದು ಕೆಲಸ. ಸಂಜೆ ನಾಲ್ಕಕ್ಕೆ ಮೇಲಿನ ರೂಮಿನಲ್ಲಿ ಪರದೆ ಎಳೆಯದೆ ಕೂರಬಹುದು. ಮಗಳು ಓದುವುದು ಅಲ್ಲೇ.

ಒಂದು ಕಡೆ ಮಾತ್ರ ಚಿತ್ರವನ್ನು ನಂಬಿ ಕೆಟ್ಟೆವು. ಬಾಗಿಲ ಪಕ್ಕ ನೆಲದಿಂದ ಪ್ಯಾರಾಪೆಟ್‌ವರೆಗೆ ಕಡು ಬೂದಿ ಬಣ್ಣದ ಟೆಕ್ಸ್ಚರ್ ಪಟ್ಟಿ ಬರೆದಿದ್ದರು, ಅಡ್ಡಡ್ಡ ಗೀರು ಗೀರು ಇರುವಂಥದ್ದು. ನಮ್ಮನೆಯವರಿಗೆ ಅದು ಬೇಕೇ ಬೇಕು. ಮಾಡಿಸಿದೆವು. ಮೊದಲ ಮಳೆಗಾಲದಲ್ಲಿ ಒಂದೊಂದು ಗೀರಿನಲ್ಲೂ ಧೂಳು ಕೂತು, ಧೂಳಿನಲ್ಲಿ ನೀರು ನಿಂತು, ನವರಾತ್ರಿ ಹೊತ್ತಿಗೆ ಹಸಿರು ಪಾಚಿ. ನಮ್ಮನೆಯವರೇ ಏಣಿ ಹಾಕಿ ಬ್ಲೀಚಿಂಗ್ ನೀರಲ್ಲಿ ಉಜ್ಜಿದರು. ಎರಡನೇ ಮಳೆಗಾಲದಲ್ಲಿ ಮತ್ತೆ ಬಂತು. ಈ ಬೇಸಿಗೆಯಲ್ಲಿ ಕೆರೆಸಿ, ನುಣ್ಣಗೆ ಮಾಡಿಸಿ, ಸಾದಾ ಬಣ್ಣ ಹೊಡೆಸಿದ್ದೇವೆ. ಆ ಪಟ್ಟಿಯ ಸ್ಟೇಟಸ್ ಯಾರೂ ಹಾಕಿಲ್ಲ.

ಹಾಗಾದರೆ ದುಡ್ಡು ದಂಡವಾ? ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ಚಿತ್ರ ಇಲ್ಲದಿದ್ದರೆ ಮನೆಯ ನಾಲ್ಕು ಜನ ನಾಲ್ಕು ಮನೆ ತಲೆಯಲ್ಲಿಟ್ಟುಕೊಂಡು ಗೃಹಪ್ರವೇಶದ ದಿನವೂ ಜಗಳ ಆಡುತ್ತಿದ್ದೆವು. ಚಿತ್ರ ಇದ್ದಿದ್ದರಿಂದ ಮೋಲ್ಡ್ ಹಾಕೋ ಮೊದಲೇ ಜಗಳ ಮುಗಿಯಿತು. "ಚೆನ್ನಾಗಿರೋದು ಕೊಡಿ" ಅಂದರೆ ಅವರ ಹತ್ತಿರ ಇರೋ ಹಳೆ ಮನೆಯನ್ನೇ ಬಣ್ಣ ಬದಲಿಸಿ ಕೊಡುತ್ತಾರೆ. ಕಣ್ಣಾರೆ ನೋಡಿದ ಒಂದು ಮನೆಯ ಫೋಟೋ ಕೊಟ್ಟು, ಇದು ನನಗೆ ಯಾಕೆ ಬೇಕು ಅಂತ ಹೇಳಿದರೆ ಕೆಲಸ ಬೇರೆಯೇ ಆಗುತ್ತದೆ. ಅಳತೆಯ ಡ್ರಾಯಿಂಗ್ ಸೇರಿ ಎಷ್ಟು ಅಂತ ದುಡ್ಡು ಹಾಕೋ ಮುಂಚೆಯೇ ಕೇಳಿ, ಬರಹದಲ್ಲಿ ತಗೊಳ್ಳಿ. ರಾತ್ರಿ ಚಿತ್ರ ಬೇಡ ಅನ್ನಿ. ಅದರ ಬದಲು ಪಕ್ಕದಿಂದ ಕಾಣುವ ಚಿತ್ರ ಕೇಳಿ, ಸಜ್ಜಾ ಎಷ್ಟು ಮುಂದೆ ಬಂದಿದೆ ಅಂತ ಗೊತ್ತಾಗುವುದು ಅದರಲ್ಲೇ.

ಹೋದ ವಾರ ಎದುರಿನ ಸೈಟಿನವರು ಬಂದು, ನಿಮ್ಮ ಎಲಿವೇಷನ್ ಚೆನ್ನಾಗಿದೆ, ಮಾಡಿದವರ ನಂಬರ್ ಕೊಡಿ ಅಂದರು. ಕೊಟ್ಟೆ. ಮೇಸ್ತ್ರಿ ನಂಬರೂ ಕೊಟ್ಟೆ. ಗೇಟಿನವರೆಗೆ ಹೋದವರನ್ನು ಮತ್ತೆ ಕರೆದು, ಸೈಟಿನ ಫೋಟೋ ಕಳಿಸುವಾಗ ಕರೆಂಟ್ ಕಂಬನೂ ಬರೋ ಹಾಗೆ ತೆಗೀರಿ ಅಂತ ಹೇಳಿದೆ.