ಸಾಕು ಇಲಿಗಳಿಗೆಂದು ಮಾರುವ ಮಿಶ್ರಧಾನ್ಯದ ಚೀಲ: ಒಂದು ವಿಮರ್ಶೆ

ಕೊಡಗಿನ ಪೇಟೆಗಳಲ್ಲಿ ಸಾಕು ಇಲಿಗೆ ಆಹಾರ ಬೇಕೆಂದು ಕೇಳಿದರೆ ಅಂಗಡಿಯವರು ಮೊದಲು ಒಮ್ಮೆ ನಗುತ್ತಾರೆ. ಕಾಫಿ ಚೀಲ, ಭತ್ತದ ಪತ್ತಾಯಗಳನ್ನು ಇಲಿಯಿಂದ ಉಳಿಸಿಕೊಳ್ಳಲು ಬೋನು ಕೊಳ್ಳುವ ಊರಿನಲ್ಲಿ ಅದೇ ಪ್ರಾಣಿಗೆ ದುಡ್ಡು ಕೊಟ್ಟು ಊಟ ಒಯ್ಯುವವರನ್ನು ಕಂಡು ನಗು ಬರುವುದು ಸಹಜವೇ. ನಕ್ಕ ಮೇಲೆ ಅವರು ಮುಂದಿಡುವುದು ಹ್ಯಾಮ್‌ಸ್ಟರ್, ಗಿನಿಯಿಲಿ, ಮೊಲ, ಇಲಿ ಎಲ್ಲಕ್ಕೂ ಆಗುತ್ತದೆ ಎಂದು ಹೇಳುವ ಬಣ್ಣಬಣ್ಣದ ಮಿಶ್ರಧಾನ್ಯದ ಚೀಲವನ್ನು. ಕುಶಾಲನಗರದ ಒಂದು ಅಂಗಡಿಯಿಂದ ತಂದ ಅಂತಹ ಚೀಲವನ್ನೂ, ಕೊರಿಯರ್ ಮೂಲಕ ತರಿಸಿದ ಇಲಿಗಳ ಪೆಲೆಟ್ ಆಹಾರವನ್ನೂ (ಪದಾರ್ಥಗಳನ್ನೆಲ್ಲ ಪುಡಿಮಾಡಿ ಒತ್ತಿದ ಗಟ್ಟಿ ತುಂಡುಗಳು) ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಬಳಸಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಇಂತಹುದೇ ಚೀಲ ಬೇರೆ ಕಡೆಗಳಲ್ಲಿಯೂ ದೊರೆಯುವುದರಿಂದ ಅಂಗಡಿಯ ಹೆಸರು ಇಲ್ಲಿ ಮುಖ್ಯವಲ್ಲ. ದಿನನಿತ್ಯದ ಆಹಾರವಾಗಿ ಈ ಚೀಲವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಚೀಲದಲ್ಲಿ ಸೂರ್ಯಕಾಂತಿ ಬೀಜ, ಮುಸುಕಿನ ಜೋಳ, ಸಿಪ್ಪೆಯೊಂದಿಗಿನ ಕಡಲೆಕಾಯಿ, ಗೋಧಿ, ಒಣ ಬಟಾಣಿ, ಬಣ್ಣ ಹಾಕಿ ಉಬ್ಬಿಸಿದ ಧಾನ್ಯದ ತುಂಡುಗಳು ಮತ್ತು ಒಣಹುಲ್ಲಿನ ಪುಡಿಯಿಂದ ಒತ್ತಿದ ಹಸಿರು ಪೆಲೆಟ್‌ಗಳು ಇವೆ. ಜೀವಸತ್ವಗಳನ್ನೂ ಖನಿಜಗಳನ್ನೂ ಸೇರಿಸಿರುವುದು ಈ ಹಸಿರು ಪೆಲೆಟ್‌ನಲ್ಲಿ, ಆದರೆ ಇಲಿಗಳು ಮುಟ್ಟದೆ ಬಿಡುವುದೂ ಅದನ್ನೇ. ಬಟ್ಟಲಿಟ್ಟ ಕೂಡಲೇ ಗುಂಪಿನಲ್ಲಿ ಬಲಿಷ್ಠವಾದ ಇಲಿ ಸೂರ್ಯಕಾಂತಿ ಬೀಜವನ್ನೂ ಕಡಲೆಕಾಯಿಯನ್ನೂ ಆರಿಸಿಕೊಂಡು ಮೂಲೆಗೆ ಒಯ್ದು ಬಚ್ಚಿಡುತ್ತದೆ, ಮೆತ್ತಗಿನ ಸ್ವಭಾವದ್ದಕ್ಕೆ ಜೋಳವೂ ಬಣ್ಣದ ತುಂಡೂ ಉಳಿಯುತ್ತವೆ. ಚೀಲದ ಮೇಲೆ ಮುದ್ರಿಸಿದ ಪ್ರೋಟೀನ್ ಮತ್ತು ಕೊಬ್ಬಿನ ಪ್ರಮಾಣ ಇಡೀ ಮಿಶ್ರಣಕ್ಕೆ ಸಂಬಂಧಿಸಿದ್ದಾದ್ದರಿಂದ, ಹೀಗೆ ಆರಿಸಿ ತಿನ್ನುವ ಪ್ರಾಣಿಯ ಹೊಟ್ಟೆಗೆ ನಿಜವಾಗಿ ಏನು ಹೋಯಿತೆಂಬುದನ್ನು ಆ ಅಂಕಿಗಳು ಹೇಳಲಾರವು. ಸಿಪ್ಪೆ ಸುಲಿದ ಸೂರ್ಯಕಾಂತಿ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ.

ಎಲ್ಲ ಪ್ರಾಣಿಗಳಿಗೂ ಒಂದೇ ಚೀಲ ಎಂಬ ಮಾತೇ ಸರಿಯಲ್ಲ. ಮೊಲ ಮತ್ತು ಗಿನಿಯಿಲಿಗಳು ಹುಲ್ಲು ತಿಂದು ಬದುಕುವಂತಹವು. ಇಲಿಯಾದರೋ ಮನುಷ್ಯರಂತೆ ಸರ್ವಭಕ್ಷಕ. ಗಿನಿಯಿಲಿಯ ದೇಹ ವಿಟಮಿನ್ ಸಿ ತಯಾರಿಸಲಾರದಾದ್ದರಿಂದ ಅದರ ಆಹಾರಕ್ಕೆ ಅದನ್ನು ಬೆರೆಸಲೇಬೇಕು, ಇಲಿ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಒಂದು ಲೆಕ್ಕದಲ್ಲಿ ಇಲಿ ಸಾಕುವವರು ಅದೃಷ್ಟವಂತರು, ಏಕೆಂದರೆ ಪ್ರಯೋಗಾಲಯಗಳ ದೆಸೆಯಿಂದ ಇಲಿಯ ಪೋಷಣೆಯನ್ನು ಅಳೆದಷ್ಟು ಕೂಲಂಕಷವಾಗಿ ಬೇರೆ ಸಾಕುಪ್ರಾಣಿಗಳದ್ದನ್ನು ಅಳೆದಿರುವುದು ಕಡಿಮೆ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಎಐಎನ್-93 ಎಂಬ, ಪ್ರಯೋಗಾಲಯದ ಇಲಿಗಳ ಆಹಾರ ಸೂತ್ರದ ಪ್ರಕಾರ ಬೆಳೆಯುವ ಮರಿಗಳ ಆಹಾರದಲ್ಲಿ ಕಿಲೋಗೆ 200 ಗ್ರಾಂ ಹಾಲಿನ ಪ್ರೋಟೀನಾದ ಕೇಸೀನ್ ಮತ್ತು 70 ಗ್ರಾಂ ಸೋಯಾ ಎಣ್ಣೆ ಇರಬೇಕು. ಬೆಳೆದ ಇಲಿಗೆ ಇವು 140 ಮತ್ತು 40 ಗ್ರಾಂಗೆ ಇಳಿಯುತ್ತವೆ. ಅಂದರೆ ವಯಸ್ಕ ಇಲಿಯ ಊಟದಲ್ಲಿ ಕೊಬ್ಬು ನೂರಕ್ಕೆ ನಾಲ್ಕೈದು ಪಾಲಿದ್ದರೆ ಸಾಕು. ಸೂರ್ಯಕಾಂತಿ ಬೀಜವನ್ನೇ ಆರಿಸಿ ತಿನ್ನುವ ಇಲಿ ಇದರ ಹತ್ತು ಪಟ್ಟಿಗೆ ಸಮೀಪದ ಕೊಬ್ಬನ್ನು ತಿನ್ನುತ್ತಿರುತ್ತದೆ.

ಆದರೂ ಕೊಡಗಿನ ಮಟ್ಟಿಗೆ ಈ ಚೀಲದ ದೊಡ್ಡ ದೋಷ ಅದರಲ್ಲಿರುವ ಎಣ್ಣೆಯಲ್ಲ, ಅದು ಹೀರಿಕೊಳ್ಳುವ ತೇವ. ಕುಶಾಲನಗರದಲ್ಲಿ ಗರಿಗರಿಯಾಗಿದ್ದ ಧಾನ್ಯ ಆನೆಕಾಡು ದಾಟಿ ಮಡಿಕೇರಿಯ ಮಂಜಿಗೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಚೀಲದ ಬಾಯಿ ಬಿಚ್ಚಿದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಬೂಷ್ಟು ಹಿಡಿಯುವುದರಲ್ಲಿ ಕಡಲೆಕಾಯಿ ಮತ್ತು ಮುಸುಕಿನ ಜೋಳ ಮುಂದು, ಅವುಗಳ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಹುಡುಕಾಟ ಹೋಗಿ ನಿಂತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಬಳಿ, ಮತ್ತು ಅದೇ ಹಿಂಡಿಯನ್ನು ತಿನ್ನಿಸಿದ ಇಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ಬಂದದ್ದರಿಂದಲೇ ಆ ವಿಷದ ನಿಜವಾದ ಅಪಾಯ ಗೊತ್ತಾಯಿತು. ಹುರಿದರೂ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಜೊತೆಗೆ ಇಲಿಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲದ್ದರಿಂದ ಒಳಗೆ ಹೋದ ಕೆಟ್ಟ ಕಾಳನ್ನು ಅದು ಹೊರಹಾಕಲಾರದು. ಅಂಗಡಿಯಲ್ಲಿ ದೊಡ್ಡ ಮೂಟೆಯನ್ನು ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ತುಂಬಿ, ತಯಾರಿಕೆಯ ದಿನಾಂಕವೇ ಇಲ್ಲದೆ ಮಾರುವ ಅಗ್ಗದ ಪೊಟ್ಟಣಗಳೂ ಇವೆ. ಅವನ್ನು ಮಳೆಗಾಲದಲ್ಲಿ ಬೆಲೆ ಕೇಳುವ ಮೊದಲೇ ಬಿಟ್ಟುಬಿಡುವುದು ಒಳ್ಳೆಯದು.

ಕೊರಿಯರ್‌ನಲ್ಲಿ ಬಂದ ಪೆಲೆಟ್ ನೋಡಲು ಸಪ್ಪೆ. ಪ್ರತಿಯೊಂದು ತುಂಡೂ ಒಂದೇ ಬಣ್ಣ, ಒಂದೇ ವಾಸನೆ. ನಮ್ಮ ಇಲಿಗಳು ಮೊದಲಿಗೆ ಅದನ್ನು ಮೂಸಿ ಬಿಟ್ಟು ಹಸಿವಾದಾಗ ಮರಳಿ ಬಂದವು. ಅದರ ಗುಣವಿರುವುದು ಆ ಸಪ್ಪೆತನದಲ್ಲಿಯೇ: ಆರಿಸಲು ಅವಕಾಶವಿಲ್ಲದ್ದರಿಂದ ಬಲಿಷ್ಠವಾದದ್ದೂ ಮೆತ್ತಗಿನದೂ ಒಂದೇ ಊಟ ಮಾಡುತ್ತವೆ. ಬೆಳೆದ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ ಆಹಾರ ಸಾಕಾಗುವುದರಿಂದ ಬೆಲೆ ಮಿಶ್ರಣಕ್ಕಿಂತ ಬಹಳ ಹೆಚ್ಚಿದ್ದರೂ ತಿಂಗಳ ಖರ್ಚು ಹೆದರಿಸುವಂತಿಲ್ಲ. ದೂರೆಂದರೆ ಎರಡು. ಮಳೆ ಜೋರಾಗಿ ರಸ್ತೆ ಕುಸಿದಾಗ ಕೊರಿಯರ್ ಎಲ್ಲೋ ನಿಂತುಬಿಡುತ್ತದೆ, ಮತ್ತು ದೊಡ್ಡ ಪೊಟ್ಟಣಕ್ಕೆ ಮತ್ತೆ ಮುಚ್ಚುವ ಬಾಯಿ ಇಲ್ಲ. ಜೂನ್‌ಗೆ ಮುಂಚೆ ಚಿಕ್ಕ ಪೊಟ್ಟಣಗಳನ್ನು ತರಿಸಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುವುದು ನಾನು ಕಂಡುಕೊಂಡ ದಾರಿ. ಆ ಡಬ್ಬಿ ಕಾಡಿಲಿಗಳಿಗೆಂದು ವಿಷ ಇಡುವ ಅಟ್ಟದಲ್ಲಿ ಮಾತ್ರ ಇರಬಾರದು.

ಪೆಲೆಟ್‌ನ ಜೊತೆಗೆ ಮನೆಯಿಂದ ಕೊಡುವುದು ಚಿಕ್ಕ ಪಾಲಾಗಿರಬೇಕು. ಉಪ್ಪು ಹಾಕದೆ ಬೇಯಿಸಿದ ರಾಗಿ, ಬೇಯಿಸಿದ ಮೊಟ್ಟೆಯ ಚೂರು, ಸೌತೆಕಾಯಿ, ಕ್ಯಾರೆಟ್, ಒಂದು ತುಂಡು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇವೆಲ್ಲ ನಮ್ಮಲ್ಲಿ ನಡೆದಿವೆ. ನೆಂಟರು ಪ್ರೀತಿಯಿಂದ ಎಸೆಯುವ ಪಂದಿ ಕರಿಯ (ಹಂದಿ ಮಾಂಸದ ಸಾರಿನ) ತುಂಡು ಉಪ್ಪು ಮತ್ತು ಕೊಬ್ಬಿನ ಕಾರಣಕ್ಕೆ ಬೇಡ. ಕೊಡಗಿನ ಕಿತ್ತಳೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಅದರ ಸಿಪ್ಪೆಯ ಎಣ್ಣೆಯಲ್ಲಿರುವ ಡಿ-ಲಿಮೊನೀನ್ ಗಂಡಿಲಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಹೆಣ್ಣಿಲಿಗೂ ಮನುಷ್ಯರಿಗೂ ಈ ತೊಂದರೆಯಿಲ್ಲದಿರುವುದು ಗಂಡಿಲಿಯ ದೇಹದಲ್ಲಿ ಮಾತ್ರ ಹೇರಳವಾಗಿರುವ ಒಂದು ಪ್ರೋಟೀನಿನ ಕಾರಣದಿಂದ. ಬೇಯಿಸದ ರಾಜ್ಮಾದಂತಹ ಕಾಳುಗಳೂ, ನೆನೆಸಿ ನೀರು ಬದಲಿಸಿ ಬೇಯಿಸದ ಕಣಿಲೆಯೂ (ಎಳೆ ಬಿದಿರು), ಕಾಫಿಯ ಹಣ್ಣಾಗಲಿ ಪುಡಿಯಾಗಲಿ ಗೂಡಿನ ಹತ್ತಿರ ಸುಳಿಯಬಾರದು. ಬೆಣ್ಣೆಹಣ್ಣಿನ ಸಿಪ್ಪೆ, ಬೀಜವೂ ಹಾಗೆಯೇ.

ಉಳಿದಿರುವ ಮಿಶ್ರಣವನ್ನು ನಾನು ಎಸೆದಿಲ್ಲ. ಕಡಲೆಕಾಯಿ, ಜೋಳಗಳನ್ನು ತೆಗೆದುಹಾಕಿ, ಉಳಿದದ್ದರಲ್ಲಿ ಒಂದು ಚಿಟಿಕೆಯಷ್ಟನ್ನು ಸಂಜೆ ಗೂಡಿನ ಕಾಗದದ ಚೂರುಗಳ ನಡುವೆ ಹುದುಗಿಸಿಟ್ಟರೆ ಇಲಿಗಳು ಹುಡುಕಿ ತಿನ್ನುವ ಆಟದಲ್ಲಿ ತೊಡಗುತ್ತವೆ. ಕೊಟ್ಟ ಹಣದಲ್ಲಿ ಅಷ್ಟರ ಮಟ್ಟಿಗಿನ ಉಪಯೋಗ ಈ ಚೀಲದಿಂದ ಸಿಗುತ್ತದೆ. ಅಂಗಡಿಯವರು ಮುಂದಿನ ಸಲ ಪೆಲೆಟ್‌ನ ಅರ್ಧ ಕಿಲೋ ಪೊಟ್ಟಣವನ್ನು ತರಿಸಿಟ್ಟರೆ ಕೊರಿಯರ್ ಕಾಯದೆ ಅವರಲ್ಲಿಯೇ ಕೊಳ್ಳಲು ನಾನು ಸಿದ್ಧನಿದ್ದೇನೆಂದು ಅವರಿಗೂ ತಿಳಿಸಿದ್ದೇನೆ.